ಜನವರಿಯ ಜೊಂಡಿನಲ್ಲಿ ಫೆಸಂಟ್ ಹುಂಜ

ಜನವರಿಯ ಫೆಸಂಟ್ ಹುಂಜಕ್ಕೆ ಕಾರಿನ ಬಾಗಿಲ ಸದ್ದು ಚೆನ್ನಾಗಿ ಗೊತ್ತಿರುತ್ತದೆ. ಅಕ್ಟೋಬರ್ ಕೊನೆಯ ಶನಿವಾರ ಷಿಕಾರಿ ಶುರುವಾದಾಗಿನಿಂದ ಆ ಸದ್ದಿನ ಹಿಂದೆ ನಾಯಿ, ನಾಯಿಯ ಹಿಂದೆ ಕೋವಿ ಬರುವುದನ್ನು ಕಂಡು, ಪೆದ್ದ ಜೊತೆಗಾರರೆಲ್ಲ ಯಾರದೋ ಫ್ರಿಜ್ ಸೇರಿದ ಮೇಲೂ ಉಳಿದುಕೊಂಡ ಹಕ್ಕಿ ಅದು. ಒಂದು ಬಾಗಿಲು ಧಡ್ ಅಂದರೆ ಸಾಕು, ನೀವು ಕೋವಿಗೆ ತೋಟಾ ತುಂಬುವಷ್ಟರಲ್ಲಿ ಜೊಂಡಿನ ಆ ತುದಿಯಿಂದ ಹತ್ತಾರು ಹಕ್ಕಿ ಎದ್ದು ರಸ್ತೆ ದಾಟಿರುತ್ತವೆ. ಹೊಸಬರು ಗುರಿ ತಪ್ಪಿತೆಂದು ಕೊರಗುತ್ತಾರೆ. ಚಳಿಗಾಲದಲ್ಲಿ ಕೆಡುವ ಬೇಟೆ ಬಹುಮಟ್ಟಿಗೆ ಕೋವಿ ಎತ್ತುವ ಮೊದಲೇ ಕೆಟ್ಟಿರುತ್ತದೆ.

ನಾವು ಹೋಗುವುದು ಅಮೆರಿಕದ ಅಯೋವಾ ರಾಜ್ಯದ ಉತ್ತರಕ್ಕೆ, ಡೆ ಮೊಯ್ನ್ ಊರಿನಿಂದ ಐ-35 ಹೆದ್ದಾರಿ ಹಿಡಿದು ಸುಮಾರು ಎರಡು ಗಂಟೆ ಹಾದಿ: ಹ್ಯಾಂಕಾಕ್, ಕೊಸೂತ್, ಪಾಲೋ ಆಲ್ಟೋ ಕೌಂಟಿಗಳು. ಹಿಮನದಿ ಸರಿದುಹೋದ ನೆಲ, ತಗ್ಗಿದ್ದಲ್ಲೆಲ್ಲ ನೀರು ನಿಂತು ಜೊಂಡು ಬೆಳೆದಿದೆ. ಉಳಿದದ್ದೆಲ್ಲ ಮುಸುಕಿನ ಜೋಳ, ಸೋಯಾ. ಮೈಲಿಗೊಂದು ರಸ್ತೆ, ನಡುವೆ ಚದರ ಮೈಲಿಯ ಹೊಲ. ಗುಂಪಿನಲ್ಲಿ ನಾನು, ಹೆಂಡತಿ, ಹದಿನಾಲ್ಕರ ಮಗ, ಭಾವ, ಮತ್ತು ಕರಿಯ ಎಂಬ ಆರು ವರ್ಷದ ಕಪ್ಪು ಲ್ಯಾಬ್ರಡಾರ್. ಹೆಂಡತಿ ಕೋವಿ ಹಿಡಿಯುವುದಿಲ್ಲ. ಅವಳ ಕೆಲಸ ನಾಯಿ. ನಾಯಿ ನೋಡಿಕೊಳ್ಳುವವರ ಕೈಯಲ್ಲಿ ಕೋವಿ ಇದ್ದರೆ ಎರಡೂ ಅರ್ಧಂಬರ್ಧ ಆಗುತ್ತದೆ.

ಈ ಹಕ್ಕಿ ಇಲ್ಲಿಯದಲ್ಲ. ಏಷ್ಯಾದಿಂದ ಬಂದದ್ದು, ನಮ್ಮ ಕಾಡುಕೋಳಿಯ ಕುಟುಂಬದ್ದೇ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಸೀಡರ್ ಫಾಲ್ಸ್ ಊರಿನಲ್ಲಿ ಒಬ್ಬರು ಸಾಕಿದ್ದ ಫೆಸಂಟ್‌ಗಳ ಗೂಡನ್ನು ಬಿರುಗಾಳಿ ಕಿತ್ತುಹಾಕಿ, ಎರಡು ಸಾವಿರದಷ್ಟು ಹಕ್ಕಿ ಬಯಲಿಗೆ ಬಿದ್ದವು ಎನ್ನುವುದು ಅಯೋವಾದವರೆಲ್ಲ ಹೇಳುವ ಮಾತು. 1925ರಲ್ಲಿ ಇಲ್ಲಿ ಮೊದಲ ಬೇಟೆ ಋತು ನಡೆಯಿತು. ನಮ್ಮ ಊರ ಕಡೆ, ಭಾರತದ 1972ರ ವನ್ಯಜೀವಿ ಕಾಯ್ದೆಯ ನಂತರ ಅಜ್ಜಂದಿರ ಬಾಯಲ್ಲಷ್ಟೇ ಉಳಿದ ಮಲೆನಾಡಿನ ಷಿಕಾರಿ ಮಾತುಗಳಿಗೆ ಈ ಬಯಲಲ್ಲಿ ಮತ್ತೆ ಕೆಲಸ ಸಿಕ್ಕಿದೆ. ಹಳು ನುಗ್ಗುವವರು (ಪೊದೆಯಿಂದ ಬೇಟೆ ಎಬ್ಬಿಸುವವರು), ಬಿಲ್ಲಿಗೆ ನಿಲ್ಲುವವರು (ತುದಿಯಲ್ಲಿ ಕೋವಿ ಹಿಡಿದು ಕಾಯುವವರು), ಈಡು (ಕೋವಿಯ ಹೊಡೆತ): ಇಂಗ್ಲಿಷಿನಲ್ಲಿ ಇವಕ್ಕೆ ಬೇರೆ ಹೆಸರಿವೆ, ನಮಗೆ ಅವು ನಾಲಿಗೆಗೆ ಬರುವುದಿಲ್ಲ.

ಕಾಗದಪತ್ರದ ಮಾತು ಮೊದಲು ಮುಗಿಸುತ್ತೇನೆ, ನಮ್ಮವರು ಎಡವುವುದು ಅಲ್ಲೇ. ಬೇಟೆ ಲೈಸೆನ್ಸ್ ಮತ್ತು ಹ್ಯಾಬಿಟ್ಯಾಟ್ (ವನ್ಯಜೀವಿ ನೆಲೆಯ) ಶುಲ್ಕ ಎರಡೂ ಕಟ್ಟಿರಬೇಕು. 1972ರ ಜನವರಿ 1ರ ನಂತರ ಹುಟ್ಟಿದವರು ಹಂಟರ್ ಎಜುಕೇಶನ್ ಕೋರ್ಸ್ ಮುಗಿಸಿರಬೇಕು. ಅಯೋವಾ ನಿವಾಸಿಯಾದ 16ರೊಳಗಿನ ಮಗು ಲೈಸೆನ್ಸ್ ಇಲ್ಲದೆ ಬರಬಹುದು, ಆದರೆ ಒಂದು ಮಗುವಿಗೆ ಲೈಸೆನ್ಸ್ ಇರುವ ಒಬ್ಬ ದೊಡ್ಡವರು ಜೊತೆಗೇ ಇರಬೇಕು. ಎರಡು ಮಕ್ಕಳಿಗೆ ಒಬ್ಬರೆಂದರೆ ನಡೆಯದು. ಇನ್ನು ವೀಸಾ. ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವವರು ಕೋವಿ ಅಥವಾ ತೋಟಾ ಇಟ್ಟುಕೊಳ್ಳುವುದೇ ಅಮೆರಿಕದ ಕೇಂದ್ರ ಕಾನೂನಿನಲ್ಲಿ ಅಪರಾಧ. ಅದಕ್ಕಿರುವ ವಿನಾಯಿತಿಗಳಲ್ಲಿ ಒಂದು, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್. ಅಯೋವಾದ ಲೈಸೆನ್ಸ್ ವರ್ಷ ಮುಗಿಯುವುದು ಜನವರಿ 10ಕ್ಕೆ, ಫೆಸಂಟ್ ಋತು ಮುಗಿಯುವುದೂ ಅದೇ ದಿನ. ಹೇಗೂ ಷಿಕಾರಿ ಮುಗಿಯಿತಲ್ಲ, ಮುಂದಿನ ಅಕ್ಟೋಬರಿಗೆ ನವೀಕರಿಸಿದರಾಯಿತು ಎಂದು ಕೂತರೆ 11ನೇ ತಾರೀಖಿನಿಂದ ಕಪಾಟಿನಲ್ಲಿರುವ ಕೋವಿಯೇ ಕೇಸಾಗುತ್ತದೆ. ಹಸಿರು ಕಾರ್ಡಿನವರಿಗೆ ಈ ತೊಡಕಿಲ್ಲ. ಉಳಿದವರು ಹೊಸ ವರ್ಷದ ಲೈಸೆನ್ಸನ್ನು 10ಕ್ಕೆ ಮೊದಲೇ ಕೊಂಡುಬಿಡಬೇಕು.

ಬೇಟೆಯ ಹೊತ್ತು ಬೆಳಗ್ಗೆ 8ರಿಂದ ಸಂಜೆ 4.30. ದಿನಕ್ಕೆ ತಲಾ 3 ಹುಂಜ. ಹ್ಯಾಟೆ, ಅಂದರೆ ಹೆಣ್ಣುಹಕ್ಕಿ, ಹೊಡೆಯುವಂತಿಲ್ಲ. ಮೈಮೇಲಿನ ಒಂದು ಬಟ್ಟೆಗಾದರೂ, ಟೋಪಿಯೋ ಜಾಕೆಟೋ, ಹೊರಗೆ ಕಾಣುವ ಭಾಗದಲ್ಲಿ ಅರ್ಧಕ್ಕಾದರೂ ಕಣ್ಣು ಕುಕ್ಕುವ ಕಿತ್ತಳೆ ಬಣ್ಣ ಇರಬೇಕು. ನಾವು ಟೋಪಿ, ವೆಸ್ಟ್ ಎರಡೂ ಹಾಕುತ್ತೇವೆ. ಆಳೆತ್ತರದ ಜೊಂಡಿನಲ್ಲಿ ಟೋಪಿ ಮಾತ್ರ ಕಾಣುತ್ತದೆ. ಬಗ್ಗಿದರೆ ಅದೂ ಇಲ್ಲ.

ಕೋವಿ ಎರಡು ಥರ: ನನಗೂ ಭಾವನಿಗೂ 12 ಬೋರ್, ಮಗನಿಗೆ 20 ಬೋರ್ (ಅಂಕಿ ಏರಿದಷ್ಟೂ ನಳಿಗೆ ಸಣ್ಣದು). ಸಾರ್ವಜನಿಕ ಜಾಗಗಳಲ್ಲಿ ಅನೇಕ ಕಡೆ ಸೀಸದ ಚರೆ, ಅಂದರೆ ತೋಟಾದೊಳಗಿನ ಸಣ್ಣ ಗುಂಡು, ನಿಷಿದ್ಧ. ಕೇಂದ್ರ ಸರ್ಕಾರದ ವಾಟರ್‌ಫೌಲ್ ಪ್ರೊಡಕ್ಷನ್ ಏರಿಯಾಗಳಲ್ಲಂತೂ (ನೀರುಹಕ್ಕಿಗಳಿಗಾಗಿ ಕಾಯ್ದಿಟ್ಟ ಜಾಗ) ಎಲ್ಲೂ ಅದಕ್ಕೆ ಒಪ್ಪಿಗೆಯಿಲ್ಲ. ಯಾವ ಬೋರ್ಡಿನಲ್ಲಿ ಏನು ಬರೆದಿದೆ ಎಂದು ಪ್ರತಿ ಸಲ ಓದುವ ತಲೆನೋವು ಬೇಡವೆಂದು ನಾವು ಉಕ್ಕಿನ ಚರೆ ಮಾತ್ರ ಒಯ್ಯುತ್ತೇವೆ. ಉಕ್ಕು ಸೀಸಕ್ಕಿಂತ ಹಗುರ, ಬೇಗ ವೇಗ ಕಳೆದುಕೊಳ್ಳುತ್ತದೆ. ಅದಕ್ಕೆ ಸೀಸದಲ್ಲಿ 5ನೇ ನಂಬರ್ ಬಳಸುವ ಕಡೆ ಉಕ್ಕಿನಲ್ಲಿ 3 ಅಥವಾ 2, ನಂಬರ್ ಇಳಿದಷ್ಟೂ ಚರೆ ದಪ್ಪ. ಚೋಕ್, ಅಂದರೆ ನಳಿಗೆ ತುದಿಯ ಬಿಗಿತ, ಮಾಡಿಫೈಡ್. ಈ ತೋಟಾಕ್ಕೆ 35 ಗಜ ನಮ್ಮ ಮಿತಿ, ಮಗನಿಗೆ 25. ಅದರಾಚೆ ಹಕ್ಕಿ ಬೀಳದೆ ಹೊಟ್ಟೆಯಲ್ಲಿ ಎರಡು ಚರೆ ಇಟ್ಟುಕೊಂಡು ಹೋಗಿ ಎಲ್ಲೋ ಸಾಯುತ್ತದೆ.

ಎರಡು ಬೋರಿನ ತೋಟಾ ಒಂದೇ ಜೇಬಿಗೆ ಬೀಳಬಾರದು. ಈ ಒಂದು ವಿಷಯದಲ್ಲಿ ಮನೆಯವರ ಮೇಲೂ ನಂಬಿಕೆ ಇಡಬೇಡಿ. 20ರ ತೋಟಾ 12ರ ನಳಿಗೆಯೊಳಗೆ ಜಾರಿ ನಡುವೆ ಸಿಕ್ಕಿಕೊಳ್ಳುತ್ತದೆ. ಇಣುಕಿದರೆ ತೋಟಾ ಕೂರುವ ಕೋಣೆ ಖಾಲಿ ಕಾಣುತ್ತದೆ. ಅದರ ಹಿಂದೆ 12ರ ತೋಟಾ ಹಾಕಿ ಕುದುರೆ (ಟ್ರಿಗರ್) ಎಳೆದರೆ ನಳಿಗೆ ಸಿಡಿದು ಎಡಗೈ ಹೋಗುತ್ತದೆ. 20ರ ತೋಟಾ ಹಳದಿ ಬಣ್ಣದಲ್ಲಿ ಬರುವುದೇ ಇದಕ್ಕಾಗಿ. ಹೊರಡುವ ಮುನ್ನ ಮೂವರ ವೆಸ್ಟ್ ಜೇಬುಗಳನ್ನೂ ಹೆಂಡತಿ ಮಗುಚಿ ನೋಡುತ್ತಾಳೆ.

ಚಳಿಯ ವಿಷಯದಲ್ಲಿ ಕೋವಿಗೂ ಒಂದು ಮಾತಿದೆ. ಮಾಮೂಲಿ ಕೋವಿ ಎಣ್ಣೆ ಸೊನ್ನೆಗಿಂತ 15 ಡಿಗ್ರಿ ಕೆಳಗೆ ತುಪ್ಪದಂತೆ ಗಟ್ಟಿಯಾಗುತ್ತದೆ. ಕುದುರೆ ಎಳೆದರೆ ‘ಟಕ್’ ಅನ್ನುವ ಬದಲು ‘ಕ್ಳಕ್’ ಎಂದು ಮೆತ್ತಗಿನ ಸದ್ದು, ತೋಟಾ ಹೊಡೆದುಕೊಳ್ಳುವುದಿಲ್ಲ. ಹಿಂದಿನ ರಾತ್ರಿಯೇ ಎಣ್ಣೆಯನ್ನೆಲ್ಲ ಒರೆಸಿ, ಬೆರಳಿಗೆ ಅಂಟುವಷ್ಟು ಮಾತ್ರ ತೆಳು ಎಣ್ಣೆ ಬಿಡಬೇಕು. ಆಮೇಲೆ ಕೋವಿಯನ್ನು ಮೋಟೆಲಿನ ಬೆಚ್ಚಗಿನ ಕೋಣೆಗೂ ಹೊರಗಿನ ಚಳಿಗೂ ಓಡಾಡಿಸಬಾರದು. ಒಳಗೆ ತಂದ ಕೂಡಲೇ ಲೋಹದ ಮೇಲೆಲ್ಲ ನೀರು ಕೂರುತ್ತದೆ, ಬೆಳಗ್ಗೆ ಹೊರಗೊಯ್ದರೆ ಅದೇ ನೀರು ಮಂಜುಗಡ್ಡೆ. ತರಲೇಬೇಕಾದರೆ ಚೀಲದ ಜಿಪ್ ತೆಗೆಯದೆ ಎರಡು ಗಂಟೆ ಬಿಟ್ಟು, ಆಮೇಲೆ ಪೂರ್ತಿ ಬಿಚ್ಚಿ ಒರೆಸಬೇಕು.

ಜನವರಿ ಮೊದಲ ಶನಿವಾರ ನಾವು ಹೊರಟಾಗ ಸೊನ್ನೆಗಿಂತ 14 ಡಿಗ್ರಿ ಕೆಳಗಿತ್ತು. ಗುರುವಾರ ರಾತ್ರಿ ಆರಿಂಚು ಹಿಮ ಬಿದ್ದಿತ್ತು. ಇದಕ್ಕಿಂತ ಒಳ್ಳೆಯ ದಿನ ಸಿಗುವುದಿಲ್ಲ. ಹಿಮ ಬಿದ್ದರೆ ತೆಳು ಹುಲ್ಲೆಲ್ಲ ಮಲಗಿಬಿಡುತ್ತದೆ. ಸ್ವಿಚ್‌ಗ್ರಾಸ್ ಎಂಬ ಗಟ್ಟಿ ಹುಲ್ಲು, ಜೊಂಡು, ಗಾಳಿತಡೆಗೆ ನೆಟ್ಟ ಸೀಡರ್ ಸಾಲು, ಇಷ್ಟೇ ನಿಂತಿರುತ್ತವೆ. ಹತ್ತು ಹೊಲದಲ್ಲಿ ಚದುರಿದ್ದ ಹಕ್ಕಿಯೆಲ್ಲ ಆ ಮೂರಕ್ಕೆ ಬಂದು ಸೇರುತ್ತದೆ. ಮೇಲಾಗಿ ಹೊಸ ಹಿಮ ಹೆಜ್ಜೆ ಸದ್ದು ನುಂಗುತ್ತದೆ. ಅದೇ ಹಿಮ ಒಂದು ಸಲ ಕರಗಿ ಮತ್ತೆ ಹೆಪ್ಪುಗಟ್ಟಿದರೆ ಹಪ್ಪಳದ ಮೇಲೆ ನಡೆದಂತೆ, ಮುನ್ನೂರು ಗಜದಿಂದ ಕೇಳುತ್ತದೆ. ಅಂಥ ದಿನ ಮಧ್ಯಾಹ್ನದವರೆಗೆ ಮಲಗಿ ಎದ್ದು ಹೋಗುವುದೇ ವಾಸಿ.

ಜಾಗ ಆರಿಸಲು ಡಿಎನ್‌ಆರ್ (ರಾಜ್ಯದ ನೈಸರ್ಗಿಕ ಸಂಪನ್ಮೂಲ) ಇಲಾಖೆಯ ಹಂಟಿಂಗ್ ಅಟ್ಲಾಸ್ ನಕ್ಷೆ ಸಾಕು. ರಾಜ್ಯದ ಕಾಯ್ದಿಟ್ಟ ಜಾಗಗಳ ಜೊತೆಗೆ, ಬೇಟೆಗೆ ಬಿಡಲು ರೈತರು ಒಪ್ಪಿದ ಐಹ್ಯಾಪ್ ಜಮೀನುಗಳೂ ಅದರಲ್ಲಿವೆ. ನಾನು ನಕ್ಷೆಯಲ್ಲಿ ಹುಡುಕುವುದು ಒಂದೇ: ಜೊಂಡಿನ ತಗ್ಗಿಗೆ ಅಂಟಿಕೊಂಡೇ ಕಟಾವಾದ ಜೋಳದ ಹೊಲ ಇರಬೇಕು, ಮತ್ತು ಪಾರ್ಕಿಂಗ್ ಜಾಗದಿಂದ ಅದು ದೂರವಿರಬೇಕು. ಎಲ್ಲರೂ ಪಾರ್ಕಿಂಗಿನಿಂದ ನೇರ ನುಗ್ಗುತ್ತಾರೆ. ಹಕ್ಕಿಗೆ ಆ ದಾರಿ ಬಾಯಿಪಾಠ.

ಆ ಶನಿವಾರದ ತಗ್ಗು ಸುಮಾರು 40 ಎಕರೆ, ಉದ್ದಕ್ಕೆ ಬಾಳೆಲೆಯಂತೆ. ಗಾಳಿ ವಾಯವ್ಯದಿಂದ. ಗಾಳಿಗೆ ಮುಖ ಕೊಟ್ಟು ನಡೆದರೆ ನಾಯಿಗೆ ವಾಸನೆ ಸಿಗುತ್ತದೆ, ನಮ್ಮ ಸದ್ದು ಹಿಂದಕ್ಕೆ ಹೋಗುತ್ತದೆ. ತೊಂದರೆಯೇನೆಂದರೆ ಬಿಲ್ಲಿಗೆ ನಿಲ್ಲುವವನು ಗಾಳಿಯ ಕಡೆಯೇ ಇರಬೇಕಾಗುತ್ತದೆ. ಅವನ ಸದ್ದು ನೇರ ಹಕ್ಕಿಯ ಕಿವಿಗೆ. ಅದಕ್ಕೇ ಭಾವ ನಮಗಿಂತ ಇಪ್ಪತ್ತು ನಿಮಿಷ ಮೊದಲು ಹೊರಟು, ಹೊರಗಿನ ಬೇಲಿಯ ಆಚೆಯಿಂದ ಸುತ್ತಿ ಹೋಗಿ, ತುದಿಯಲ್ಲಿ ಹುಲ್ಲಿಗೆ ಬೆನ್ನು ಕೊಟ್ಟು ಮಂಡಿಯೂರಿದ. ಫೋನ್ ಸೈಲೆಂಟ್. ತಲುಪಿದೆ ಎಂಬ ಮೆಸೇಜಿಗಾಗಿ ಫೋನನ್ನು ಒಳಜೇಬಿನಲ್ಲಿ ಇಟ್ಟುಕೊಳ್ಳಬೇಕು; ಹೊರಜೇಬಿನಲ್ಲಿದ್ದರೆ ಅರ್ಧ ಚಾರ್ಜ್ ಇರುವಾಗಲೇ ಚಳಿಗೆ ಸತ್ತಿರುತ್ತದೆ.

ನಾವು ಮೂವರು 25 ಗಜದ ಅಂತರದಲ್ಲಿ ಸಾಲಾದೆವು. ನಡುವೆ ಹೆಂಡತಿ, ನಾಯಿ. ಬಲಕ್ಕೆ ನಾನು, ಎಡಕ್ಕೆ ಮಗ. ಯಾರು ಯಾವ ಕಡೆ ಈಡು ಹಾರಿಸಬಹುದು ಎಂಬುದು ಕಾರಿನಲ್ಲೇ ತೀರ್ಮಾನ: ಎಡಗಡೆಯವನಿಗೆ ಮುಂದಿನಿಂದ ಎಡಕ್ಕೆ ಮಾತ್ರ, ಬಲಗಡೆಯವನಿಗೆ ಮುಂದಿನಿಂದ ಬಲಕ್ಕೆ ಮಾತ್ರ. ಹಕ್ಕಿಯ ಕೆಳಗೆ ಆಕಾಶ ಕಾಣದಿದ್ದರೆ ಯಾರೂ ಹೊಡೆಯುವಂತಿಲ್ಲ. ಕೆಳಮಟ್ಟದಲ್ಲಿ ಹಾರುವ ಹಕ್ಕಿಯ ಬಾಲಕ್ಕೆ ನಾಯಿ ನೆಗೆದಿರುತ್ತದೆ. ಸಾಲು ನೂರು ಗಜ ಹತ್ತಿರವಾದ ಮೇಲೆ ಬಿಲ್ಲಿನವನು ನಮ್ಮ ಕಡೆ ನಳಿಗೆ ತಿರುಗಿಸುವುದೇ ಇಲ್ಲ. ಹಕ್ಕಿ ಅವನ ತಲೆ ದಾಟಿ ಹಿಂದಕ್ಕೆ ಹೋದ ಮೇಲಷ್ಟೇ ಅವನ ಸರದಿ.

ಜೊಂಡಿನೊಳಗೆ ಕಾಲಿಡುವ ಮುನ್ನ ಮಂಜುಗಡ್ಡೆ. ಬಯಲಲ್ಲಿ ನಾಲ್ಕಿಂಚು ಗಟ್ಟಿ ಮಂಜು ಆಳನ್ನು ತಡೆಯುತ್ತದೆ. ಜೊಂಡಿನೊಳಗೆ ಲೆಕ್ಕ ಬೇರೆ. ಅಲ್ಲಿ ಕೂತ ಹಿಮ ಕಂಬಳಿ ಹೊದ್ದಿಸಿದಂತೆ ನೀರನ್ನು ಬೆಚ್ಚಗಿಡುತ್ತದೆ, ಅಡಿಯ ಮಂಜು ಒಂದಿಂಚೂ ಇರುವುದಿಲ್ಲ. ಮಸ್ಕ್‌ರ್ಯಾಟ್ ಎಂಬ ನೀರಿಲಿಯ ಗುಡ್ಡೆಗಳ ಸುತ್ತ ಇನ್ನೂ ತೆಳು. ಇಲ್ಲಿಯ ತಗ್ಗುಗಳಲ್ಲಿ ಬಹುಪಾಲು ಮೊಣಕಾಲುದ್ದ ನೀರು, ಮುಳುಗುವುದಿಲ್ಲ. ಬೂಟಿಗೆ ನೀರು ತುಂಬಿದರೆ ಮಾತ್ರ ಆ ದಿನ ಮುಗಿದಂತೆಯೇ. ಕಾರಿನಲ್ಲಿ ಎಲ್ಲರಿಗೂ ಒಂದೊಂದು ಜೊತೆ ಉಣ್ಣೆ ಕಾಲುಚೀಲ ಇಟ್ಟಿರುತ್ತೇವೆ. ಆಳ ಗೊತ್ತಿಲ್ಲದ ನೀರಿಗೆ ನಾಯಿಯನ್ನೂ ಬಿಡುವುದಿಲ್ಲ.

ನಡಿಗೆ ನಿಧಾನ, ಮತ್ತು ಅದಕ್ಕಿಂತ ಮುಖ್ಯವಾಗಿ ನಿಲ್ಲುವುದು. ಮೂವತ್ತು ಹೆಜ್ಜೆ ನಡೆದು ಅರ್ಧ ನಿಮಿಷ ನಿಲ್ಲಬೇಕು. ಹೆಜ್ಜೆ ಸದ್ದು ಹತ್ತಿರ ಬಂದು ದಾಟಿಹೋದರೆ ಹುಂಜ ಅಲುಗಾಡದು. ಹತ್ತಿರ ಬಂದು ನಿಂತರೆ ಅದಕ್ಕೆ ತಡೆಯಲಾಗುವುದಿಲ್ಲ. ಮಾತು ಬೇಡ, ನಾಯಿಯನ್ನು ಹೆಸರು ಹಿಡಿದು ಕೂಗುವುದಂತೂ ಬೇಡವೇ ಬೇಡ. ಸೀಟಿಯಲ್ಲಿ ಒಂದು ಸಣ್ಣ ಊದು ಅಂದರೆ ತಿರುಗು, ಉದ್ದನೆಯದು ಅಂದರೆ ಕೂರು. ಲೋಹದ ಸೀಟಿ ತುಟಿಗೆ ಅಂಟಿಕೊಳ್ಳುತ್ತದೆ, ಪ್ಲಾಸ್ಟಿಕ್ಕಿನದೇ ಇರಲಿ.

ನಾಯಿಯ ಬಾಲವೇ ಸೂಚನೆ. ಸುಮ್ಮನೆ ಹುಡುಕುವಾಗ ಕರಿಯನ ಬಾಲ ಗಡಿಯಾರದ ಲೋಲಕದಂತೆ ಅತ್ತಿತ್ತ. ವಾಸನೆ ಸಿಕ್ಕಿದೊಡನೆ ಬೆನ್ನಿನ ಮಟ್ಟಕ್ಕೆ ಬಂದು ಪಟಪಟ ಬಡಿಯತೊಡಗುತ್ತದೆ, ಮೂಗು ನೆಲಕ್ಕೆ ಇಳಿಯುತ್ತದೆ. ಅವತ್ತು ಹತ್ತೂಕಾಲರ ಹೊತ್ತಿಗೆ ಬಾಲ ಬಡಿಯಿತು. ಹಿಮದ ಮೇಲೆ ಮೂರು ಬೆರಳಿನ ಹೆಜ್ಜೆ ಸಾಲು ನೇರ ಹೋಗಿ ಬಾಗಿದ ಜೊಂಡಿನ ಬುಡದ ಗುಹೆಯಲ್ಲಿ ಮುಗಿದಿತ್ತು. ಗುಹೆಯ ಬಾಯಲ್ಲಿ ಒಂದು ಗೇಣು ಬಾಲದ ಗರಿ ಹೊರಗಿತ್ತು. ತಲೆ ಮರೆಯಾದರೆ ಮೈಯೆಲ್ಲ ಮರೆಯಾಯಿತೆಂದು ಅದರ ಲೆಕ್ಕ. ಕರಿಯ ಮೂತಿ ತೂರಿಸಿದ. ಹಿಮದ ಪುಡಿ ಎರಚಿಕೊಂಡು ‘ಕೊಕ್-ಕೊಕ್-ಕೊಕ್’ ಎಂದು ಬಯ್ಯುತ್ತ ಎದ್ದಿತು. ನಡುವಿನಿಂದ “ಹುಂಜ!” ಎಂಬ ಕೂಗು. ಹುಂಜವೋ ಹ್ಯಾಟೆಯೋ ಎಂದು ನಾಯಿಯ ಬಳಿ ಇರುವವರು ಕೂಗಿ ಹೇಳುವುದು ನಮ್ಮ ಪದ್ಧತಿ. ಬಿಸಿಲಿಗೆ ಎದುರಾಗಿ ಹಾರಿದರೆ ಎರಡೂ ಕಪ್ಪೇ. ಕತ್ತಿನ ಬಿಳಿ ಉಂಗುರ, ಉದ್ದ ಬಾಲ, ಕೂಗು, ಇವುಗಳಲ್ಲಿ ಎರಡಾದರೂ ಖಾತ್ರಿಯಾಗದೆ ಮಗ ಕೋವಿಯ ಸೇಫ್ಟಿ ಕೀಲಿ ತೆಗೆಯುವುದಿಲ್ಲ.

ಅವನ ಮೊದಲ ಈಡು ಬಾಲದ ಹಿಂದೆ ಹೋಯಿತು. ಎಲ್ಲರದೂ ಹಾಗೇ. ಕಣ್ಣಿಗೆ ಕಾಣುವ ಹುಂಜದ ಉದ್ದದಲ್ಲಿ ಸುಮಾರು ಅರ್ಧ ಬಾಲವೇ. ಹಕ್ಕಿಯ ನಡುವಿಗೆ ಗುರಿಯಿಟ್ಟರೆ ಬಾಲದ ಬುಡಕ್ಕೆ ಇಟ್ಟಂತೆ. ಬಿಳಿ ಉಂಗುರವನ್ನಷ್ಟೇ ನೋಡು ಎಂದು ಹೇಳಿಕೊಡುವುದು ಸುಲಭ. ಎರಡನೆಯದಕ್ಕೆ ರೆಕ್ಕೆ ಮುರಿದು ಬಿತ್ತು.

ಇಲ್ಲಿ ಹೆಚ್ಚಿನವರು ಮಾಡುವ ತಪ್ಪು ಬಿದ್ದ ಕಡೆಗೆ ಓಡುವುದು. ರೆಕ್ಕೆ ಮುರಿದ ಹುಂಜ ಬಿದ್ದ ಜಾಗದಲ್ಲಿ ಮೂರು ಸೆಕೆಂಡೂ ಇರುವುದಿಲ್ಲ, ಕಾಲು ಕುದುರೆಯದು. ಹೊಡೆದವನು ನಿಂತಲ್ಲೇ ನಿಂತು ಬಿದ್ದ ದಿಕ್ಕಿಗೆ ಕೈ ಚಾಚಬೇಕು, ಇನ್ನೊಬ್ಬರು ತಮ್ಮ ಜಾಗದಿಂದ ಚಾಚಬೇಕು. ಎರಡು ಗೆರೆ ಕೂಡುವಲ್ಲಿ ಗರಿ ಸಿಗುತ್ತದೆ. ಅಲ್ಲಿ ಕಿತ್ತಳೆ ಟೋಪಿ ಇಟ್ಟು, ಗಾಳಿ ಬೀಸಿಹೋಗುವ ಕಡೆಯಿಂದ ನಾಯಿಯನ್ನು ಬಿಡಬೇಕು. ಅಷ್ಟು ಹೊತ್ತು ಮನುಷ್ಯರು ಆ ಹಿಮ ತುಳಿಯಬಾರದು, ವಾಸನೆಯೂ ಹೆಜ್ಜೆಯೂ ಕಲಸಿಹೋಗುತ್ತವೆ. ಹೆಜ್ಜೆ ಸಾಲಿನ ಒಂದು ಬದಿಗೆ ಪೊರಕೆ ಎಳೆದಂಥ ಗೀರಿತ್ತು, ನೇತಾಡುವ ರೆಕ್ಕೆಯದು. ಎಂಬತ್ತು ಗಜ ಆಚೆ ನೀರಿಲಿಯ ಗುಡ್ಡೆಯ ಬುಡದಿಂದ ಕರಿಯ ಅದನ್ನು ತಂದ. ನಾಯಿಯಿಲ್ಲದಿದ್ದರೆ ಆ ಹಕ್ಕಿ ನರಿಗೆ.

ಈಡಿನ ಸದ್ದಿಗೆ ಮುಂದಿದ್ದ ಹಕ್ಕಿಯೆಲ್ಲ ತುದಿಗೆ ಓಡಿತು. ಫೆಸಂಟ್ ಗಾಳಿಗೆ ಎದುರಾಗಿ ಏಳುತ್ತದೆ, ಎದ್ದ ಮೇಲೆ ಬಾಗಿ ಗಾಳಿಯ ಜೊತೆ ಹೋಗುತ್ತದೆ. ಇದು ಗೊತ್ತಿದ್ದವನು ತುದಿಯ ನಡುವೆ ನಿಲ್ಲುವುದಿಲ್ಲ, ಮೂಲೆ ಹಿಡಿಯುತ್ತಾನೆ. ಭಾವನಿಗೆ ಗೊತ್ತಿತ್ತು. ಹನ್ನೊಂದು ಎದ್ದವು, ಏಳು ಹ್ಯಾಟೆ. ಅವನಿಗೆ ಒಂದು ಹುಂಜ ಸಿಕ್ಕಿತು. ಮಧ್ಯಾಹ್ನ ಹೊಕ್ಕ ಎರಡು ಜಾಗದಲ್ಲಿ ಏನೂ ಇಲ್ಲ. ಒಂದರಲ್ಲಿ ನಾನೇ ಥರ್ಮಾಸ್ ಮುಚ್ಚಳ ಕಲ್ಲಿನ ಮೇಲೆ ಬೀಳಿಸಿದೆ. ಮೂರೂವರೆಗೆ ಬೆಳಗಿನ ತಗ್ಗಿನ ಪಕ್ಕದ ಬೇಲಿಗೆ ಹೋಗಿ ಕೂತೆವು. ಹೊಲದಲ್ಲಿ ಮೇಯ್ದ ಹಕ್ಕಿ ಮಲಗಲು ಜೊಂಡಿಗೆ ವಾಪಸಾಗುವ ಹೊತ್ತು ಅದು. ನಾಲ್ಕೂ ಹತ್ತಕ್ಕೆ ಮೂರನೆಯದು ಬಿತ್ತು. ಮೂರು ಕೋವಿಗೆ ಒಂಬತ್ತರ ಅನುಮತಿ, ಸಿಕ್ಕಿದ್ದು ಮೂರು. ಜನವರಿಗೆ ಇದು ಒಳ್ಳೆಯ ದಿನವೇ.

ನಾಯಿಯದು ಇಷ್ಟು. ಬೆಳಗ್ಗೆ ಹೊಟ್ಟೆ ತುಂಬ ಹಾಕಬಾರದು, ತುಂಬಿದ ಹೊಟ್ಟೆಯಲ್ಲಿ ಓಡಿದರೆ ಜಠರ ತಿರುಚಿಕೊಳ್ಳುವ ಭಯ. ಹಿಂದಿನ ರಾತ್ರಿ ಚೆನ್ನಾಗಿ, ಬೆಳಗ್ಗೆ ಒಂದು ಹಿಡಿ, ನಡುನಡುವೆ ಬೆಚ್ಚಗಿನ ನೀರು. ಕಾಲ್ಬೆರಳ ಸಂದಿಯಲ್ಲಿ ಹಿಮ ಗೋಲಿಯಾಗಿ ಕಟ್ಟುತ್ತದೆ; ಸಂದಿಯ ಕೂದಲು ಕತ್ತರಿಸಿ ಮೇಣ ಹಚ್ಚಿದರೆ ಕಡಿಮೆ. ಕುಂಟಿದರೆ ಮೊದಲು ಅಲ್ಲೇ ನೋಡಿ. ಇನ್ನೊಂದು ಹೆದರಬೇಕಾದ ಸಂಗತಿ ಉರುಳು. ಚಳಿಗಾಲ ರಕೂನ್ ಹಿಡಿಯುವವರ ಕಾಲವೂ ಹೌದು. 220 ನಂಬರಿನ ಚೌಕಟ್ಟು ಬೋನು ನಾಯಿಯ ಕತ್ತಿಗೆ ಬಿದ್ದರೆ ಬರಿಗೈಯಲ್ಲಿ ಬಿಡಿಸಲಾಗದು, ಸಮಯವೂ ಕೆಲವೇ ನಿಮಿಷ. ನಾಲ್ಕಡಿ ಹಗ್ಗವನ್ನು ಸ್ಪ್ರಿಂಗಿನ ಎರಡು ಬಳೆಗಳಲ್ಲೂ ತೂರಿಸಿ, ಸುತ್ತಿ ತಂದು ಮೊದಲ ಬಳೆಯಲ್ಲಿ ಮತ್ತೊಮ್ಮೆ ತೂರಿಸಿ, ಒಂದು ತುದಿಯನ್ನು ಕಾಲಡಿ ಹಾಕಿ ಇನ್ನೊಂದನ್ನು ಎಳೆದರೆ ಸ್ಪ್ರಿಂಗ್ ಕುಗ್ಗುತ್ತದೆ. ಕೊಕ್ಕೆ ಹಾಕಿ ಇನ್ನೊಂದು ಬದಿಯದನ್ನೂ ಹಾಗೇ ಮಾಡಬೇಕು. ತಂತಿ ಉರುಳಿಗೆ ಕೇಬಲ್ ಕತ್ತರಿ. ಹಗ್ಗ, ಕತ್ತರಿ ಎರಡೂ ಹೆಂಡತಿಯ ವೆಸ್ಟಿನಲ್ಲಿರುತ್ತವೆ, ಕಾರಿನಲ್ಲಲ್ಲ. ಹಳೆಯ ಬೋನೊಂದನ್ನು ಕೊಂಡು ಮನೆಯಲ್ಲಿ ಕಣ್ಣು ಮುಚ್ಚಿ ಬಿಡಿಸುವುದನ್ನು ಎಲ್ಲರೂ ಕಲಿತಿದ್ದೇವೆ.

ಹಕ್ಕಿಯ ಕರುಳನ್ನು ಆ ಸಂಜೆಯೇ ತೆಗೆಯಬೇಕು, ಚರೆ ಕರುಳಿಗೆ ತಗುಲಿದ್ದರೆ ಮಾಂಸ ಕೆಡುತ್ತದೆ. ಮನೆ ಮುಟ್ಟುವವರೆಗೆ ಹುಂಜವೆಂದು ತೋರಿಸಲು ತಲೆಯೋ ರೆಕ್ಕೆಯೋ ಪಾದವೋ ಅಂಟಿಕೊಂಡಿರಬೇಕು. ನಾವು ಪಾದ ಬಿಡುತ್ತೇವೆ, ಏಕೆಂದರೆ ಕಾಲಿನ ಮುಳ್ಳು ವಯಸ್ಸು ಹೇಳುತ್ತದೆ. ಮುಕ್ಕಾಲು ಇಂಚಿಗಿಂತ ಗಿಡ್ಡ, ಮೊಂಡು ಇದ್ದರೆ ಆ ವರ್ಷದ ಮರಿ, ಎದೆಮಾಂಸ ಮೆಣಸು ಹಾಕಿ ಹುರಿಯಲು. ಉದ್ದ, ಚೂಪು ಇದ್ದರೆ ಹಳೆ ಹುಂಜ. ಅದರ ಕಾಲಿನ ನರಗಳು ಬಿದಿರು ಕಡ್ಡಿಯಂತೆ, ಕುಕ್ಕರಿನಲ್ಲಿ ಎಂಟು ಕೂಗು ಕೂಗಿಸಿ ಕೊಡಗಿನ ಕಾಚಂಪುಳಿ ಬಿಟ್ಟ ಸಾರೇ ಸರಿ. ಮಾಂಸವನ್ನು ಬೆಳಕಿಗೆ ಹಿಡಿದು ಚರೆ ಹುಡುಕಿ. ನೀಲಿಗಟ್ಟಿದ ತೂತಿನಲ್ಲಿ ಗರಿಯ ಎಳೆ ಸಿಕ್ಕಿದ್ದರೆ ಅದರ ತುದಿಯಲ್ಲೇ ಉಕ್ಕಿನ ಗುಂಡು ಇರುತ್ತದೆ. ಎಳೆ ಹಿಡಿದೆಳೆದರೆ ಎರಡೂ ಬರುತ್ತವೆ, ಬಿಟ್ಟರೆ ಹಲ್ಲು ಮುರಿಯುತ್ತದೆ.

ಕತ್ತಿನ ಬುಡದ ಚೀಲವನ್ನು ಎಸೆಯುವ ಮುನ್ನ ಸೀಳಿ ನೋಡಬೇಕು. ಅವತ್ತು ಎರಡರಲ್ಲಿ ಜೋಳ ಮಾತ್ರವಿತ್ತು. ಸಂಜೆ ಬಿದ್ದ ಮೂರನೆಯದರ ಚೀಲದಲ್ಲಿ ಜೋಳ ಒಂದೂ ಇಲ್ಲ, ತುಂಬ ಸೋಯಾ, ಜೊತೆಗೆ ಕಳೆಹುಲ್ಲಿನ ಸಣ್ಣ ಬೀಜ. ನಮ್ಮ ತಗ್ಗಿನ ಸುತ್ತ ಸೋಯಾ ಹೊಲವೇ ಇರಲಿಲ್ಲ. ಭಾವ ಕೈ ಒರೆಸಿಕೊಂಡು ಫೋನಿನಲ್ಲಿ ನಕ್ಷೆ ತೆಗೆದ. ಪೂರ್ವಕ್ಕೆ ಮುಕ್ಕಾಲು ಮೈಲಿ, ಸೋಯಾ ಹೊಲದ ಮಗ್ಗುಲಲ್ಲಿ ಐಹ್ಯಾಪ್ ಜಮೀನಿನ ಒಂದು ಪುಟ್ಟ ಜೊಂಡು ತಗ್ಗಿತ್ತು. ಪಾರ್ಕಿಂಗ್ ಇನ್ನೊಂದು ತುದಿಯಲ್ಲಿ. ಬೆಳಗ್ಗೆ ಏಳೂವರೆಗೆ ಅಲ್ಲಿರೋಣ ಎಂದ.